ಬಲಿಪೀಠ ಮೊದಲು, ನೆಲ ಆಮೇಲೆ

ಸೊಲೊಮೋನ ರಾಜ ಜೆರುಸಲೇಮಲ್ಲಿ ದೇವಾಲಯ ಕಟ್ಟಿಸುವಾಗ ಕಲ್ಲನ್ನೆಲ್ಲ ಗಣೀಲೇ ಕೆತ್ತಿ ರೆಡಿ ಮಾಡ್ಕೊಂಡು ತಂದಿದ್ರಂತೆ, ಹಂಗಾಗಿ ಕಟ್ಟೋ ಜಾಗದಲ್ಲಿ ಸುತ್ತಿಗೆ, ಕೊಡಲಿ, ಯಾವ ಕಬ್ಬಿಣದ ಸಾಮಾನಿನ ಸದ್ದೂ ಕೇಳಿಸ್ಲಿಲ್ಲ ಅಂತ ಬೈಬಲ್ಲಿನ ಅರಸುಗಳ ಮೊದಲನೇ ಗ್ರಂಥದ 6ನೇ ಅಧ್ಯಾಯದಲ್ಲಿ ಬರೆದೈತೆ. ಓದೋಕೆ ಚೆಂದ ಐತೆ ಬಿಡ್ರಿ. ದಾವಣಗೆರೇಲಿ ನಮ್ಮ ಚರ್ಚ್ ರಿಪೇರಿಗೆ ನಿಂತ ಮೇಲೆ ಕಟಿಂಗ್ ಮಷೀನಿನ ಸದ್ದು ಇಲ್ದೆ ಇರೋ ಒಂದು ಜಪಮಾಲೆ ಆಗಿದ್ರೆ ಹೇಳ್ರಿ ನೋಡಾಣ.

ಹಳೇ ಹಂಚಿನ ಮಾಡು, ಮಳೆ ಬಂದ್ರೆ ಬಕೆಟ್ ಇಡಬೇಕಿತ್ತು, ತೊಲೆಗೆಲ್ಲ ಗೆದ್ಲು ಹತ್ತಿತ್ತು. ಕ್ರಿಸ್ಮಸ್ ಮುಗಿಸ್ಕೊಂಡು ಬಿಚ್ಚೋಣ ಅಂತ ತೀರ್ಮಾನ ಆಯ್ತು. ಆದ್ರೆ ಪೂಜೆ ನಿಲ್ಲಿಸೋ ಹಂಗಿಲ್ವಲ್ಲ, ಭಾನುವಾರ ಅನ್ನೋದು ಸಿಮೆಂಟ್ ಒಣಗ್ಲಿ ಅಂತ ಕಾಯಲ್ಲ. ಪರಮಪ್ರಸಾದದ (ಪೂಜೇಲಿ ಪವಿತ್ರ ಮಾಡಿದ ರೊಟ್ಟಿ) ಪೆಟ್ಟಿಗೇನ ಸಿಸ್ಟರ್‌ಗಳ ಕಾನ್ವೆಂಟ್ ಚಾಪೆಲಿಗೆ ಸಾಗಿಸಿದ್ರು, ಅದರ ಮುಂದೆ ಆರದಂಗೆ ಉರಿಯೋ ದೀಪಾನೂ ಜೊತೇಲೇ ಹೋಯ್ತು, ವಾರದ ದಿನದ ಬಲಿಪೂಜೆ ಅಲ್ಲೇ, ಭಾನುವಾರದ್ದು ಸ್ಕೂಲ್ ಹಾಲಲ್ಲಿ. ಪೂಜೆ ಬಟ್ಟೆ ಬೀರು ಫಾದರ್ ಊಟದ ಮನೆಗೆ ಬಂತು, ಪಾಪನಿವೇದನೆ ಮೆಟ್ಟಿಲ ಕೆಳಗೆ ಎರಡು ಕುರ್ಚಿ ಹಾಕ್ಕೊಂಡು. ಶನಿವಾರ ರಾತ್ರಿ ಹುಡುಗ್ರು ಡೆಸ್ಕ್ ಎಲ್ಲ ಗೋಡೆಗೆ ಸರಿಸಿ ಕಸ ಹೊಡೆದು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಹೋಗೋದು, ಭಾನುವಾರ ಪೂಜೆ ಮುಗಿದ ತಕ್ಷಣ ಮತ್ತೆ ಅದೇ ಡೆಸ್ಕ್ ಎಳೆಯೋದು ಯಾಕಂದ್ರೆ ಸೋಮವಾರ ಮಕ್ಕಳು ಬರ್ತಾರಲ್ಲ. ನನ್ ಪ್ರಕಾರ ಈ ವರ್ಷದ ಭಕ್ತಿ ಅಂದ್ರೆ ಇದೇ. ದೇಣಿಗೆ ಕೊಟ್ಟೋರ ಹೆಸರು ಗ್ರಾನೈಟಲ್ಲಿ ಕೆತ್ತಿಸೋ ಮಾತು ನಡೀತೈತೆ, ಡೆಸ್ಕ್ ಎಳೆದೋರ ಹೆಸರು ಯಾವ ಕಲ್ಲಲ್ಲೂ ಬರಲ್ಲ, ಇರ್ಲಿ.

ಪಾಸ್ಕ ಅಂದ್ರೆ ಈಸ್ಟರ್, ಅದಕ್ಕೆ ಮುಂಚಿನ ನಮ್ಮ ಉಪವಾಸದ ತಪಸ್ಸು ಕಾಲದಲ್ಲಿ ಒಂದು ವಿಷಯ ಗಮನಿಸಿದೆ. ಪಾಸ್ಕಕ್ಕೆ ಎರಡು ವಾರ ಇರುವಾಗ ಸ್ವರೂಪಗಳಿಗೆಲ್ಲ (ಪ್ರತಿಮೆಗಳು) ನೇರಳೆ ಬಟ್ಟೆ ಹೊದಿಸೋ ವಾಡಿಕೆ ನಮ್ಮಲ್ಲಿ, ಈ ಸಲ ಅದಕ್ಕೂ ಮುಂಚೇನೇ ಮಾತೆ ಮರಿಯಮ್ಮ, ಸಂತ ಅಂತೋಣಿ ಎಲ್ರೂ ಧೂಳು ಕೂರಬಾರದು ಅಂತ ಪ್ಲಾಸ್ಟಿಕ್ ಕವರ್ ಸುತ್ಕೊಂಡು ಸ್ಟೋರ್ ರೂಮಲ್ಲಿ ನಿಂತಿದ್ರು. ಶುಭ ಶುಕ್ರವಾರಕ್ಕೆ ಅಂತ ಹಿಂದಿನ ರಾತ್ರೀನೇ ಬಲಿಪೀಠದ ಬಟ್ಟೆ ತೆಗೆದು ಪ್ರಸಾದದ ಪೆಟ್ಟಿಗೆ ಖಾಲಿ ಮಾಡಿ ಬಾಗಿಲು ತೆರೆದಿಡ್ತಾರಲ್ಲ, ಪ್ರತಿ ವರ್ಷ ನೋಡಿದ್ರೂ ಅದು ಒಂದು ಆಚರಣೆ ಅಷ್ಟೇ ಆಗಿತ್ತು ನಂಗೆ, ಈ ವರ್ಷ ಮಾಡೂ ಇಲ್ಲ ಪೀಠಾನೂ ಇಲ್ಲ ಅನ್ನೋವಾಗ ಆ ಬರಿದು ಎದೆಗೆ ತಟ್ಟಿತು. ಮಧ್ಯಾಹ್ನ ಮೂರಕ್ಕೆ ಸ್ಕೂಲ್ ಮೈದಾನದಲ್ಲಿ ಶಾಮಿಯಾನ, ದಾವಣಗೆರೆ ಬಿಸಿಲು ಗೊತ್ತಲ್ಲ, ಶಿಲುಬೆ ಮುತ್ತಿಡೋಕೆ ಬರಿಗಾಲಲ್ಲಿ ಬಂದ ಅಜ್ಜಿಗಳು ಬಿಸಿ ನೆಲದ ಮೇಲೆ ಕಾಲು ಬದಲಾಯಿಸ್ತಾ ನಿಂತಿದ್ರು, ಒಬ್ರೂ ಲೈನ್ ಬಿಟ್ಟು ಹೋಗ್ಲಿಲ್ಲ.

ಇನ್ನೊಂದು, ನಗು ಬರೋ ವಿಷಯ. ಚರ್ಚ್ ಇದ್ದಾಗ ಫಾದರ್ ಪ್ರಬೋಧನೆ (ಉಪದೇಶ) ಶುರುವಾದ್ರೆ ಗಂಡಸ್ರು ಅರ್ಧ ಜನ ಹೊರಗೆ ಬೇವಿನ ಮರದ ಕೆಳಗೆ. ಹಾಲಲ್ಲಿ ಒಂದೇ ಬಾಗಿಲು, ಅದೂ ಪೀಠದ ಪಕ್ಕದಲ್ಲೇ, ಎದ್ದು ಹೋದ್ರೆ ಊರಿಗೇ ಕಾಣುತ್ತೆ. ಎಲ್ರೂ ಒಳಗೇ ಕೂತ್ರು!

ಮೇಸ್ತ್ರಿ ಸಾಬರು. ಅವರ ರಂಜಾನ್ ಉಪವಾಸ, ನಮ್ಮ ಉಪವಾಸ ಒಂದೇ ಹೊತ್ತಿಗೆ ಬಂದಿತ್ತು, ಹನಿ ನೀರು ಕುಡೀದೆ ಮೇಲೆ ಹತ್ತಿ ಕೆಲಸ ಮಾಡಿಸೋರು, ಸಾವಿನ ಪೂಜೆ ಐತೆ ಅಂತ ಗೊತ್ತಾದ್ರೆ ಯಾರೂ ಹೇಳೋದು ಬೇಡ, ಮಷೀನು ತಾನೇ ಆಫ್ ಮಾಡಿಸೋರು.

ಮಧ್ಯದಲ್ಲಿ ದುಡ್ಡು ಸಾಲದೆ ಕೆಲಸ ನಿಂತಾಗ ನಾನು ಬೈಬಲ್ಲಲ್ಲಿ ಎಜ್ರನ ಗ್ರಂಥ ತೆಗೆದೆ. ಸೊಲೊಮೋನ ಕಟ್ಟಿಸಿದ ದೇವಾಲಯ ಹಾಳಾದ ಮೇಲೆ ಬಾಬಿಲೋನಿಂದ ಸೆರೆ ಬಿಡಿಸ್ಕೊಂಡು ಜೆರುಸಲೇಮಿಗೆ ವಾಪಸ್ ಬಂದ ಯೆಹೂದಿ ಜನ ಮೊದಲು ಏನ್ ಮಾಡಿದ್ರು ಗೊತ್ತಾ, ದೇವಾಲಯಕ್ಕೆ ತಳಪಾಯಾನೇ ಹಾಕಿರ್ಲಿಲ್ಲ, ಹಾಳು ಬಿದ್ದ ಜಾಗದಲ್ಲಿ ಬಲಿಪೀಠ ಒಂದನ್ನ ಎತ್ತಿ ನಿಲ್ಲಿಸಿ ಬೆಳಿಗ್ಗೆ ಸಂಜೆ ಬಲಿ ಅರ್ಪಿಸೋಕೆ ಶುರು ಮಾಡಿದ್ರು, ಪರ್ಣಶಾಲೆಗಳ ಹಬ್ಬಾನೂ ಮಾಡಿದ್ರು. ತಳಪಾಯ ಹಾಕಿದ್ದು ಮಾರನೇ ವರ್ಷ. ಆಮೇಲೆ ಸುತ್ತಮುತ್ತಲಿನೋರ ವಿರೋಧಕ್ಕೆ ಕೆಲಸ ನಿಂತು ಪರ್ಷಿಯಾದ ದಾರ್ಯಾವೆಷ ರಾಜನ ಕಾಲಕ್ಕೆ ಮುಗೀತು. ತಳಪಾಯ ಹಾಕಿದ ದಿನ ಹಳೇ ದೇವಾಲಯ ಕಂಡಿದ್ದ ಮುದುಕ್ರು ಅತ್ರಂತೆ, ಉಳಿದೋರು ಖುಷೀಲಿ ಕೂಗಿದ್ರಂತೆ, ಯಾವುದು ಅಳು ಯಾವುದು ಖುಷಿ ಗೊತ್ತಾಗ್ಲಿಲ್ಲವಂತೆ. ನಮ್ಮಲ್ಲೂ ಹಂಚು ಇಳಿಸಿದ ದಿನ ಹಂಗೇ ಆಯ್ತು, ಆ ಹಂಚಿನ ಕೆಳಗೆ ಮದುವೆ ಆದೋರು ಒಂದು ಕಡೆ, ಫ್ಯಾನ್ ಸರಿ ಇಲ್ಲ ಅಂತ ಗೊಣಗ್ತಿದ್ದ ಹುಡುಗ್ರು ಇನ್ನೊಂದು ಕಡೆ.

ಈಗ ಮಾಡು ಮುಗಿದೈತೆ, ಗೋಡೆ ಗಿಲಾವು ಆಗೈತೆ, ನೆಲ ಮಾತ್ರ ಬರೀ ಕಾಂಕ್ರೀಟು. ಸೆಪ್ಟೆಂಬರ್ 8 ಮಾತೆಯ ಹುಟ್ಟುಹಬ್ಬ, ಅವತ್ತು ಹೆಂಗಿದ್ರೂ ಅರ್ಧ ದಾವಣಗೆರೆ ಹರಿಹರದ ಆರೋಗ್ಯಮಾತೆ ಚರ್ಚ್ ಹತ್ರ ಇರುತ್ತೆ, ಆದ್ರೆ ಅದಕ್ಕೂ ಮುಂಚಿನ ಒಂಬತ್ತು ದಿನದ ನೊವೆನಾ ಪ್ರಾರ್ಥನೆ ನಮ್ಮ ಚರ್ಚಲ್ಲೇ ಆಗಬೇಕು. ಟೈಲ್ಸ್ ಹಾಕಿ ಪೇಂಟ್ ಹೊಡೆದು ಬಿಷಪ್ಪರನ್ನ ಕರೆಸಿ ಗ್ರ್ಯಾಂಡಾಗಿ ಒಳಗೆ ಹೋಗೋಣ, ಅಲ್ಲಿವರೆಗೂ ಹಾಲೇ ಸಾಕು ಅಂತ ಕಮಿಟೀಲಿ ಕೆಲವರು. ಕಾಂಕ್ರೀಟ್ ಮೇಲೆ ಜಮಖಾನ ಹಾಸಿ, ಆ ಮೇಜನ್ನೇ ಒಳಗೆ ತಂದಿಟ್ಟು ಶುರು ಮಾಡೋಣ, ಟೈಲ್ಸ್ ದುಡ್ಡು ಬಂದಾಗ ಬರ್ಲಿ ಅಂತ ಇನ್ನು ಕೆಲವರು. ಭಾನುವಾರ ಪೂಜೆ ಆದ್ಮೇಲೆ ಮೀಟಿಂಗ್ ಐತೆ, ನಾನಂತೂ ಜಮಖಾನದೋರ ಕಡೆ ಕೈ ಎತ್ತೋಳು.