ಕಾರವಾರ ಅಂದವನು ಮುನಿರಾಬಾದ್‌ಗೆ ಕರೆದೊಯ್ದೆ

ಅಣ್ಣನ ಮಕ್ಕಳಿಬ್ಬರಿಗೆ ಸಮುದ್ರ ತೋರಿಸ್ತೀನಿ ಅಂತ ಮಾತು ಕೊಟ್ಟು ಎರಡು ವರ್ಷವಾಗಿತ್ತು. ಕೊಪ್ಪಳದಿಂದ ಕಾರವಾರಕ್ಕೆ ಹೋಗಿ ಬರಲು ಒಂದು ಭಾನುವಾರ ಎಲ್ಲಿ ಸಾಲುತ್ತದೆ? 2024ರ ನವೆಂಬರ್‌ನಲ್ಲಿ ಕೊನೆಗೂ ಅವರನ್ನು, ಜೊತೆಗೆ ವೈನಿಯನ್ನೂ (ಅತ್ತಿಗೆಯನ್ನೂ) ಕಾರು ಹತ್ತಿಸಿಕೊಂಡು ತುಂಗಭದ್ರಾ ಜಲಾಶಯದ ಕಡೆ ಹೊರಟೆ.

ಊರು ದಾಟುವ ಮೊದಲೇ ಒಗ್ಗರಣೆ, ಮಿರ್ಚಿ. ನಮ್ಮಲ್ಲಿ ಒಗ್ಗರಣೆ ಅಂದರೆ ಸಾರಿಗೆ ಹಾಕುವುದಲ್ಲ. ಮಂಡಕ್ಕಿಯನ್ನು ನೆನೆಸಿ, ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನದ ಜೊತೆ ಬಾಣಲೆಗೆ ಹಾಕಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿದ್ದು. ಮಿರ್ಚಿ ಬಿಸಿ ಇದ್ದರಷ್ಟೇ ಚಂದ. ಸಣ್ಣವನು ಮೂರು ತಿಂದ. ಅದರ ಫಲ ಮುಂದೆ ಬರುತ್ತದೆ.

ಮುನಿರಾಬಾದ್ ಹತ್ತಿರ ಹಿನ್ನೀರು ಕಂಡದ್ದೇ ದೊಡ್ಡವಳು ಕೂಗಿದಳು: "ಕಾಕಾ, ಆಚಿ ದಂಡಿನ ಕಾಣವಲ್ದು!" ಸಣ್ಣವನು ಕೆಳಗಿಳಿದು ಬೊಗಸೆಯಲ್ಲಿ ನೀರು ಎತ್ತಿ ನಾಲಿಗೆಗೆ ಮುಟ್ಟಿಸಿಕೊಂಡ. "ಉಪ್ಪ ಇಲ್ಲಲ್ಲ!" ಸಿಕ್ಕಿಬಿದ್ದೆ.

1945ರಲ್ಲಿ ಕೆಲಸ ಶುರುವಾಗಿ 1953ರಲ್ಲಿ ನೀರು ನಿಲ್ಲಿಸಿದ ಅಣೆಕಟ್ಟು ಇದು. ಗೇಟು 33. ಮಕ್ಕಳು ಎಣಿಸುತ್ತಾ ಹೋದರು, ನನ್ನ ಕಣ್ಣು ಮಾತ್ರ 19ನೆಯದನ್ನು ಹುಡುಕುತ್ತಿತ್ತು. ಅದೇ ವರ್ಷ ಆಗಸ್ಟ್ 10ರ ರಾತ್ರಿ ಅದರ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಗಿತ್ತು. ತುಂಬಿದ ಡ್ಯಾಮಿನ ನೀರು ಕಣ್ಣೆದುರೇ ಹರಿದು ಹೋಗುತ್ತಿತ್ತು. ಆ ವಾರ ನಮ್ಮ ಕಡೆ ಚಹಾದಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಿದರು. ಆಮೇಲೆ ಮಳೆ ಕೈಹಿಡಿಯಿತು. ಈಗ ನೋಡಿದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ನೀರು ಸುಮ್ನೆ ನಿಂತಿತ್ತು.

ಹುಲಿಗಿಯಲ್ಲಿ ಹುಲಿಗೆಮ್ಮನಿಗೆ ಕೈಮುಗಿದೆವು. ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಇಲ್ಲಿ ಜನ ಜಾಸ್ತಿ. ನಮಗೆ ಬೇಗ ದರ್ಶನವಾಯಿತು. ನನಗೆ ಹುರಿದ ಮೀನು ತಿನ್ನುವ ಆಸೆ. ವೈನಿ ಕಣ್ಣು ಬಿಟ್ಟರು: "ದೇವರ ದರ್ಶನಾ ಮಾಡಿ ಅರ್ಧ ತಾಸು ಆಗಿಲ್ಲ." ಆಸೆ ಅಲ್ಲಿಗೇ ಬಿಟ್ಟೆ.

ಸಣಾಪುರ ಕೆರೆಯನ್ನು ಮಧ್ಯಾಹ್ನದ ಬಿಸಿಲಲ್ಲಿ ನೋಡಬೇಡಿ, ಕಲ್ಲು ಕಾದು ಹಂಚಾಗಿರುತ್ತದೆ. ನಾವು ಹಾಗೇ ನೋಡಿದೆವು. ಆದರೂ ಚಂದ. ಒಂದರ ಮೇಲೊಂದು ಪೇರಿಸಿದ ಬಂಡೆಗಳು, ನಡುವೆ ಹಸಿರು ನೀರು. ಅದೇ ಡ್ಯಾಮಿನ ಎಡದಂಡೆ ಕಾಲುವೆಯ ನೀರೇ ಇಲ್ಲಿ ತುಂಬುವುದು. "ಅಂದ್ರ ಮುಂಜಾನಿ ನೋಡಿದ ನೀರ ಇದು?" ಅಂದಳು ದೊಡ್ಡವಳು. ಹೌದಲ್ವಾ! ಹರಿಗೋಲಿನವರು ನಡುನೀರಿನಲ್ಲಿ ಗರಗರ ತಿರುಗಿಸಿದರು. ಸಣ್ಣವನ ಮೂರು ಮಿರ್ಚಿ ಹೊರಗೆ ಬಂದವು. ವೈನಿ ನನ್ನನ್ನೇ ಬೈದರು.

ಅಂಜನಾದ್ರಿಯ 575 ಮೆಟ್ಟಿಲು ಯಾರಿಗೂ ಬೇಡವಾಗಿತ್ತು. ಕೆಳಗಿಂದಲೇ ನಮಸ್ಕಾರ. ಆನೆಗೊಂದಿಯನ್ನು ಕಿಟಕಿಯಿಂದ ನೋಡಿದ್ದಷ್ಟೇ. ಗಂಗಾವತಿ ದಾರಿಯುದ್ದಕ್ಕೂ ಭತ್ತ ಹಣ್ಣಾಗಿತ್ತು. ಗೇಟು ಹೋದ ರಾತ್ರಿ ಎಲ್ಲರೂ ಹೆದರಿದ್ದು ಇದೇ ಬೆಳೆಗಾಗಿ. ಊಟಕ್ಕೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಕೊನೆಗೆ ಸೋನಾಮಸೂರಿ ಅನ್ನ, ಸಾರು. ಹೊಟ್ಟೆ ಖಾಲಿಯಾಗಿದ್ದ ಸಣ್ಣವನು ಎರಡು ಸಲ ಅನ್ನ ಹಾಕಿಸಿಕೊಂಡ.

ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಕೇಳಿದ: "ಕಾಕಾ, ಕಾರವಾರ ಯಾವಾಗ?"