ಟೀಟಾ ಮೊದಲ ಸಲ "ಆಗಲ್ಲ" ಅಂದಿದ್ದು

2012ರಲ್ಲಿ ಕೆನಡಾದ ಮಿಸ್ಸಿಸಾಗಾದಲ್ಲಿರೋ ನಮ್ಮನೆಗೆ ಮಗು ನೋಡ್ಕೊಳೋಕೆ ಫಿಲಿಪೈನ್ಸ್ ಕಡೆಯೋರು ಒಬ್ರು ಬಂದ್ರು, ಹಾಂಗ್‌ಕಾಂಗ್‌ನಲ್ಲಿ 4 ವರ್ಷ ಮನೆಗೆಲಸ ಮಾಡಿ ಬಂದಿದ್ರು. ಮಗ "ಟೀಟಾ" ಅಂತಿದ್ದ, ಅವ್ರ ಭಾಷೇಲಿ ಚಿಕ್ಕಮ್ಮ, ಅತ್ತೆ ಎಲ್ಲಾ ಅದೇ, ನಮಗೂ ಅದೇ ಬಾಯಿಗೆ ಬಂತು.

ಮಕ್ಕಳು, ವಯಸ್ಸಾದೋರನ್ನ ನೋಡ್ಕೊಳೋಕೆ ಹೊರದೇಶದಿಂದ ಬರೋರಿಗೆ ಆಗ ಕೆನಡಾದಲ್ಲಿ ಇದ್ದಿದ್ದು ಲಿವ್-ಇನ್ ಕೇರ್‌ಗಿವರ್ ಪ್ರೋಗ್ರಾಂ. ಕೆಲಸ ಕೊಟ್ಟೋರ ಮನೇಲೇ ಇರ್ಬೇಕು, ವರ್ಕ್ ಪರ್ಮಿಟ್ ಮೇಲೆ ಆ ಮನೆಯವ್ರದ್ದೇ ಹೆಸರು, 4 ವರ್ಷದೊಳಗೆ 24 ತಿಂಗಳು ಅಥವಾ 3,900 ಗಂಟೆ ದುಡಿದ್ರೆ ಮಾತ್ರ ಪಿಆರ್‌ಗೆ, ಅಂದ್ರೆ ಇಲ್ಲೇ ಕಾಯಂ ಆಗಿ ಇರೋ ಹಕ್ಕಿಗೆ ಅರ್ಜಿ. ಮಧ್ಯೆ ಬಿಟ್ರೆ ಹೊಸ ಮನೆ ಹುಡುಕ್ಬೇಕು, ಹೊಸ ಪರ್ಮಿಟ್‌ಗೆ ಕಾಯ್ಬೇಕು, ಕಾದ ತಿಂಗಳು ಲೆಕ್ಕಕ್ಕಿಲ್ಲ.

ಭಾನುವಾರ ರಜಾ, ಆದ್ರೂ ನೆಂಟರು ಬಂದಿದಾರೆ ಅಂದ್ರೆ ಮೇಲೆ ಬಂದು ಬೆಳ್ಳುಳ್ಳಿ ಸುಲೀತಾ ಕೂತಿರೋರು, ಜ್ವರ ಬಂದ್ರೂ ಮಾತ್ರೆ ನುಂಗಿ ಮಗೂನ ಎತ್ಕೊಳೋರು, ನಾನು ಎಷ್ಟು ಒಳ್ಳೆಯವ್ರು ಅಂದ್ಕೊಂಡಿದ್ದೆ. ಹಾಸನದಿಂದ ಬಂದಿದ್ದ ಅಮ್ಮ ಒಂದಿನ ಅಂದ್ಲು, "ಅವ್ಳ ಕಾಗ್ದ ನಿನ್ ಕೈಲಿದೆ ಕಣೇ, ಇಲ್ಲ ಅಂತ ಹೆಂಗ್ ಹೇಳ್ತಾಳೆ?" ಅವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ಹ್ವಾನಾ ತೆಹಾದಾ ಬಗ್ಗೆ ಹೇಳಿದ್ದು ಟೀಟಾನೇ. ಅವ್ರಂಗೇ ಬಂದ ಕೇರ್‌ಗಿವರ್, ಕೆಲಸ ಪೂರ್ತಿ ಮುಗಿಸಿದ್ಮೇಲೆ ಕ್ಯಾನ್ಸರ್ ಅಂತ ಪಿಆರ್ ಇಲ್ಲ ಅಂದಿದ್ರು. ಜನ ಬೆನ್ನಿಗೆ ನಿಂತ್ಮೇಲೆ ಕೊಟ್ರು, ಆದ್ರೆ 2009ರಲ್ಲಿ ಹೋಗ್ಬಿಟ್ರು. ಪಿಆರ್‌ಗೆ ಅಂತ ಎರಡನೇ ಸಲ ಮಾಡಿಸ್ಬೇಕಿದ್ದ ಮೆಡಿಕಲ್ ಪರೀಕ್ಷೆ ತೆಗೆದಿದ್ದು 2010ರಲ್ಲಿ.

2014ರಲ್ಲಿ ಟೀಟಾಗೆ ಓಪನ್ ಪರ್ಮಿಟ್ ಬಂತು, ಅಂದ್ರೆ ಯಾರ ಹತ್ರ ಬೇಕಾದ್ರೂ ಕೆಲಸ ಮಾಡ್ಬೋದು, ಗೆಳತಿಯರ ಜೊತೆ ಬೇರೆ ಮನೆ ಮಾಡಿದ್ರು. ಒಂದ್ ಶನಿವಾರ ಸಂಜೆ ಇರ್ತೀರಾ ಅಂದೆ, "ಆಗಲ್ಲ, ಚರ್ಚಲ್ಲಿ ಹಾಡೋದಿದೆ" ಅಂದ್ರು. ಎರಡು ವರ್ಷದಲ್ಲಿ ಅದೇ ಮೊದಲ "ಆಗಲ್ಲ", ನಂಗೆ ಕಣ್ಣು ತುಂಬಿ ಬಂತು. ಆದ್ರೆ ಅವ್ರ ಮಗಳು ಟೊರಾಂಟೋದ ಪಿಯರ್ಸನ್ ಏರ್‌ಪೋರ್ಟಲ್ಲಿ ಇಳಿದಿದ್ದು 2018ಕ್ಕೆ, 5 ವರ್ಷದೋಳನ್ನ ಬಿಟ್ ಬಂದಿದ್ರು, ಈಗ ಅಮ್ಮನಿಗಿಂತ ಎತ್ತರ.

ಒಬ್ಬ ಮಾಲೀಕನ ಹೆಸರಿಗೆ ಕಟ್ಟಿಹಾಕೋ ಪರ್ಮಿಟ್ ಹೋಗ್ಲೇಬೇಕು, ಬಂದ ದಿನದಿಂದ್ಲೇ ಪಿಆರ್ ಸಿಗ್ಬೇಕು. 2025ರ ಮಾರ್ಚ್ 31ಕ್ಕೆ ಕೇರ್‌ಗಿವರ್‌ಗಳ ಪಿಆರ್‌ಗೆ ಹೊಸ ಪೈಲಟ್ (ಪ್ರಾಯೋಗಿಕ ಯೋಜನೆ) ತೆರೆದ್ರು, ಅವತ್ತೇ ಕೋಟಾ ಭರ್ತಿ ಆಯ್ತು, ಎಷ್ಟು ಜನ ಕಾಯ್ತಿದಾರೆ ಅಂತ ಅದ್ರಲ್ಲೇ ಗೊತ್ತಾಗುತ್ತೆ.

ಇಲ್ಲಿರೋ ನಮ್ಮ ಕನ್ನಡದ ಮನೆಗಳಲ್ಲಿ ಕೇರ್‌ಗಿವರ್ ಇದ್ರೆ ದಯವಿಟ್ಟು ಗಂಟೆ ಲೆಕ್ಕ ಬರೆದಿಡಿ, ಓವರ್‌ಟೈಮ್ ಕೊಡಿ, ಪೇ ಸ್ಲಿಪ್, ಟಿ4 (ವರ್ಷದ ಸಂಬಳ, ತೆರಿಗೆ ಲೆಕ್ಕದ ಚೀಟಿ) ಕೇಳೋ ಮುಂಚೆ ಕೊಡಿ, ಅವ್ರ ಅರ್ಜಿ ನಿಲ್ಲೋದೇ ಅದ್ರ ಮೇಲೆ. ಟೀಟಾ ಎಲ್ಲಾನೂ ಒಂದು ಬಿಸ್ಕತ್ ಡಬ್ಬೀಲಿ ಇಟ್ಟಿದ್ರು, ಇವತ್ತಿಗೂ ಎಸೆದಿಲ್ಲ.