ಹಲ್ಲು ಜರುಗಿತೋ, ಫೈಲು ಜರುಗಿತೋ

ಅಂತೂ ಹಲ್ಲು ಜರುಗಿದ್ದನ್ನು ತೋರಿಸುವ ಬಣ್ಣದ ನಕ್ಷೆ ದಾರಿಗೆ ಬಂತು. ಮೇಲ್ದವಡೆಯ ಎರಡು ಎಸ್‌ಟಿಎಲ್ (ಮೂರು ಆಯಾಮದ ಸ್ಕ್ಯಾನ್) ಫೈಲುಗಳು: ಒಂದು ಅಲೈನರ್, ಅಂದರೆ ಹಲ್ಲು ಸರಿಸುವ ಪಾರದರ್ಶಕ ಟ್ರೇಗಳ ಸರಣಿ, ಶುರುವಾಗುವ ಮೊದಲಿನದು, ಇನ್ನೊಂದು ಎಂಟನೇ ಟ್ರೇ ಮುಗಿದ ಮೇಲಿನದು. ಒಂದರ ಮೇಲೊಂದು ಕೂರಿಸಿ, ಯಾವ ಹಲ್ಲು ಎಷ್ಟು ಜರುಗಿದೆ ಅಂತ ಬಣ್ಣದಲ್ಲಿ ನೋಡುವುದು ಕೆಲಸ. ಬಾಯಿ ಯಾರದ್ದು ಅಂತ ಕೇಳಬೇಡಿ. ನಲವತ್ತು ದಾಟಿದ, ಟ್ರೇ ಸಲುವಾಗಿ ಕವಳ ಬಿಟ್ಟ ಶಿರಸಿ ಕಡೆಯ ಬಾಯಿ ಅಂದರೆ ಸಾಕು. ಫೈಲು ತರಿಸುವುದು, ಕ್ಲೌಡ್‌ಕಂಪೇರ್ ಎಂಬ ತಂತ್ರಾಂಶದಲ್ಲಿ ತೆರೆಯುವುದು, ಕಸ ಕತ್ತರಿಸುವುದು, ಇದೆಲ್ಲ ನಿಮಗೆ ಗೊತ್ತಿರುವ ಸಂಗತಿ. ನೇರ ತಲೆನೋವಿಗೇ ಬರುತ್ತೇನೆ.

ಮೊದಲ ನಕ್ಷೆಯ ಪ್ರಕಾರ ಎರಡೂ ಬದಿಯ ದವಡೆಹಲ್ಲು ಮುಂದಕ್ಕೆ ಬಂದಿದ್ದವು. ಚಿಕಿತ್ಸೆಯ ಯೋಜನೆಯಲ್ಲಿ ಅವು ಅಲುಗಾಡುವಂತೆಯೇ ಇಲ್ಲ. ಹಿಂದೆ ಹೋಗಬೇಕಾದ ಬಾಚಿಹಲ್ಲುಗಳದ್ದು ಅರ್ಧ ಕೆಲಸವೂ ಆಗಿಲ್ಲ ಎಂಬ ವರದಿ ಬೇರೆ. ಇಂಥ ಚಿತ್ರ ನೋಡಿ ರಾತ್ರಿಯೆಲ್ಲ ಗಾಬರಿಪಡುವವರು ಬಹಳ. ಇಲ್ಲಿ ಕೈಕೊಟ್ಟದ್ದು ಟ್ರೇ ಅಲ್ಲ, ಎರಡು ಮೇಲ್ಮೈಗಳನ್ನು ತಾನೇ ಜೋಡಿಸುವ ಐಸಿಪಿ ಎಂಬ ವಿಧಾನ. ಎರಡು ಮೇಲ್ಮೈಗಳ ನಡುವಿನ ಅಂತರಗಳ ವರ್ಗದ ಮೊತ್ತವನ್ನು ಆದಷ್ಟು ಇಳಿಸುವುದಷ್ಟೇ ಅದಕ್ಕೆ ಗೊತ್ತು. ಯಾವ ಹಲ್ಲು ನಿಂತಿದೆ, ಯಾವುದು ನಡೆದಿದೆ ಎಂಬುದು ಅದಕ್ಕೆ ತಿಳಿಯದು. ಮುಂದಿನ ನಾಲ್ಕು ಹಲ್ಲು ಒಂದೂವರೆ ಮಿಲಿಮೀಟರ್ ಹಿಂದೆ ಸರಿದಿದ್ದರೆ, ಇಡೀ ದವಡೆಯನ್ನೇ ಒಂದಿಷ್ಟು ಮುಂದೆ ಎಳೆದು ತಪ್ಪನ್ನು ಎಲ್ಲರಿಗೂ ಹಂಚಿಬಿಡುತ್ತದೆ. ನಡೆದ ಹಲ್ಲು ಸೋಮಾರಿಯಾಗಿ ಕಾಣುತ್ತದೆ, ನಿಂತ ಹಲ್ಲು ಮುಂದೆ ಓಡಿದಂತೆ ಕಾಣುತ್ತದೆ.

ಫೈನಲ್ ಓವರ್‌ಲ್ಯಾಪನ್ನು (ಮೇಲ್ಮೈಯ ಎಷ್ಟು ಪಾಲು ಹೊಂದಬೇಕು ಎಂಬ ಅಂಕಿಯನ್ನು) 60 ಪ್ರತಿಶತಕ್ಕೆ ಇಳಿಸಿದರೆ ಸರಿಹೋಗುತ್ತದೆ ಅನ್ನುವವರಿದ್ದಾರೆ. ಸ್ವಲ್ಪ ಸುಧಾರಿಸುತ್ತದೆ, ಆದರೆ ಯಾವ 60 ಎಂಬುದನ್ನು ಅದೇ ಆರಿಸಿಕೊಳ್ಳುತ್ತದೆ. ದವಡೆಹಲ್ಲುಗಳನ್ನೇ ಆಧಾರ ಮಾಡಿಕೊಳ್ಳಿ ಅನ್ನುವ ಸಲಹೆ ಇನ್ನೂ ಅಪಾಯದ್ದು. ಮುಂದಿನ ಹಲ್ಲನ್ನು ಹಿಂದೆ ತಳ್ಳುವ ಟ್ರೇ ದವಡೆಹಲ್ಲನ್ನು ಮುಂದೆ ಎಳೆದೇ ಎಳೆಯುತ್ತದೆ. ಆ ಎಳೆತಕ್ಕೆ ದವಡೆಹಲ್ಲು ಸೋತಿದೆಯೋ ಇಲ್ಲವೋ ಎಂಬುದೇ ನಮ್ಮ ಪ್ರಶ್ನೆ ಆಗಿರುವಾಗ, ಅದನ್ನೇ ಸಾಕ್ಷಿಗೆ ಕರೆದರೆ ಏನು ಬಂತು?

ಬಾಯಲ್ಲಿ ಅಲುಗಾಡದ ಜಾಗ ಬೇಕು. ಮೇಲ್ದವಡೆಯಲ್ಲಿ ಅದಿದೆ: ಅಂಗುಳ. ನಾಲಿಗೆ ತುದಿಗೆ ಸಿಗುವ ಅಡ್ಡ ಮಡಿಕೆಗಳಲ್ಲಿ ಮೊದಲಿನವು ಬಾಚಿಹಲ್ಲಿನ ಜೊತೆ ಸ್ವಲ್ಪ ಎಳೆದುಕೊಂಡು ಹೋಗುತ್ತವೆ, ಹಾಗಾಗಿ ಅವು ಬೇಡ. ಮೂರನೇ ಮಡಿಕೆ, ಅದರಲ್ಲೂ ನಡುಗೆರೆಯ ಹತ್ತಿರದ ತುದಿ, ಮತ್ತು ಅಲ್ಲಿಂದ ಹಿಂದಿನ ಕಮಾನು, ಇಷ್ಟನ್ನು ನಂಬಬಹುದು. ಒಸಡು ಹಲ್ಲಿನ ಹಿಂದೆಯೇ ಹೋಗುವುದರಿಂದ ಅದರ ಅಂಚಿನಿಂದ 5 ಮಿ.ಮೀ. ಬಿಟ್ಟೇ ಕತ್ತರಿಸಿ. ಅಂಗುಳ ಅಗಲಿಸುವ ಸಾಧನ ಹಾಕಿಸಿಕೊಂಡವರಿಗೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ.

ಕೂರಿಸುವ ಕ್ರಮ ಹೀಗೆ. ಮೊದಲು ಇಡೀ ಫೈಲನ್ನೇ ಮಡಿಕೆಗಳ ಮೇಲೆ ನಾಲ್ಕು ಚುಕ್ಕಿ ಗುರುತಿಸಿ ಒರಟಾಗಿ ಜೋಡಿಸಿ. ಆಮೇಲೆ ಫೈಲಿನ ನಕಲು ತೆಗೆದು, ಅಂಗುಳದ ತುಂಡು ಕತ್ತರಿಸಿ, ಎರಡು ತುಂಡುಗಳ ನಡುವೆ ಐಸಿಪಿ ಓಡಿಸಿ. ಓವರ್‌ಲ್ಯಾಪ್ 90, ಸ್ಕೇಲ್ ಹೊಂದಿಸುವ ಟಿಕ್ ಖಡಾಖಂಡಿತ ತೆಗೆಯಿರಿ. ಇಲ್ಲದಿದ್ದರೆ ದವಡೆಯನ್ನೇ ಹಿಗ್ಗಿಸಿ ಕೊಡುತ್ತದೆ. ಕೆಳಗಿನ ಕನ್ಸೋಲಿನಲ್ಲಿ ಬರುವ ನಾಲ್ಕು ಸಾಲಿನ ಮ್ಯಾಟ್ರಿಕ್ಸನ್ನು (ಎಷ್ಟು ಸರಿಸಿ ತಿರುಗಿಸಬೇಕು ಎಂಬ ಅಂಕಿಗಳನ್ನು) ನಕಲು ಮಾಡಿ ಇಡೀ ಫೈಲಿಗೆ ಹಾಕಿ. ಒರಟು ಜೋಡಣೆಗೆ ಮೊದಲೇ ಕತ್ತರಿಸಿದರೆ ಎರಡು ಮ್ಯಾಟ್ರಿಕ್ಸ್ ಕೈಗೆ ಬರುತ್ತವೆ, ಅವನ್ನು ಅದೇ ಕ್ರಮದಲ್ಲಿ ಹಾಕಬೇಕು, ಹಿಂದುಮುಂದಾದರೆ ದವಡೆ ಎಲ್ಲೋ ಹಾರುತ್ತದೆ. ಬಣ್ಣದ ಪಟ್ಟಿಯನ್ನು ಎರಡೂ ಕಡೆ 1 ಮಿ.ಮೀ.ಗೆ ಕಟ್ಟಿ, 0.15ರ ಒಳಗಿನದ್ದನ್ನೆಲ್ಲ ಬೂದು ಮಾಡಿ. ಬಾಯೊಳಗಿನ ಸ್ಕ್ಯಾನರ್ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಅಷ್ಟು ತಪ್ಪು ಕೂಡಿಹಾಕಿಕೊಂಡರೆ ಆಶ್ಚರ್ಯವಿಲ್ಲ. ಒಂದು ಟ್ರೇ ಸಾಮಾನ್ಯವಾಗಿ 0.25 ಮಿ.ಮೀ. ಸರಿಸುವುದರಿಂದ ಒಂದೊಂದೇ ಟ್ರೇ ಅಳೆಯಲು ಹೋಗುವುದು ವ್ಯರ್ಥ.

ಇಷ್ಟಾದ ಮೇಲೆ ದವಡೆಹಲ್ಲು ಬೂದು, ಬಾಚಿಹಲ್ಲು ಗಾಢ ನೀಲಿ. ಹಿಂದೆ ಹೋಗಬೇಕಾದವು ಹಿಂದೆ ಹೋಗಿವೆ. ಬಲಬದಿಯ ಪಕ್ಕದ ಬಾಚಿಹಲ್ಲು (ನಡುವಿನ ಎರಡರ ಪಕ್ಕದ್ದು) ಮಾತ್ರ ಬೂದು, ತುದಿಯಲ್ಲಿ ಒಂದು ಸಣ್ಣ ಗೆರೆ ಬಿಟ್ಟು. ಏನೂ ಆಗಿಲ್ಲ ಅಂತ ಇಲ್ಲಿ ಮುಗಿಸಿದರೆ ಕೆಟ್ಟಿತು. ಈ ಬಣ್ಣ ತೋರಿಸುವುದು ಹತ್ತಿರದ ಮೇಲ್ಮೈಗೆ ಇರುವ ದೂರವನ್ನು, ಹಲ್ಲು ನಡೆದ ದಾರಿಯನ್ನು ತೋರಿಸುವುದಿಲ್ಲ. ಹಲ್ಲು ತನ್ನದೇ ಉದ್ದಕ್ಕೆ ಮೇಲೆ ಕೆಳಗೆ ಜಾರಿದರೆ ಮುಂಭಾಗದ ಮೇಲ್ಮೈ ತನ್ನ ಮೇಲೇ ತಾನು ಸರಿಯುತ್ತದೆ, ದೂರ ಹೆಚ್ಚುಕಮ್ಮಿ ಸೊನ್ನೆ. ತಿರುಗಿದರೂ ಅದೇ ಕಥೆ. ಹಾಗಾಗಿ ಅನುಮಾನದ ಹಲ್ಲನ್ನು ಎರಡೂ ಫೈಲಿನಿಂದ ಪ್ರತ್ಯೇಕ ಕತ್ತರಿಸಿ, ಆ ಹಲ್ಲಿಗೆ ಆ ಹಲ್ಲನ್ನೇ ಐಸಿಪಿ ಮಾಡಬೇಕು. ಹಲ್ಲಿನ ಆಕಾರ ಬದಲಾಗದು, ಹಾಗಾಗಿ ಇಲ್ಲಿ ಐಸಿಪಿ ಸತ್ಯವನ್ನೇ ಹೇಳುತ್ತದೆ. ಮಧ್ಯೆ ಅಟ್ಯಾಚ್‌ಮೆಂಟ್ (ಟ್ರೇಗೆ ಹಿಡಿತ ಕೊಡುವ ಉಬ್ಬು) ಅಂಟಿಸಿದ್ದರೆ ಅಥವಾ ಸಂದು ಉಜ್ಜಿದ್ದರೆ ಆ ಭಾಗ ಕತ್ತರಿಸಿ ತೆಗೆಯಿರಿ. ಸರಿದದ್ದನ್ನು ಮ್ಯಾಟ್ರಿಕ್ಸಿನ ಕೊನೆಯ ಕಂಬಸಾಲಿನಿಂದ ನೇರ ಓದಬೇಡಿ, ಅದರಲ್ಲಿ ತಿರುಗಿದ್ದರ ಪಾಲೂ ಸೇರಿರುತ್ತದೆ. ಹಲ್ಲಿನ ತುದಿಯ ಒಂದು ಬಿಂದು ಹಿಡಿದು ಮೊದಲು ಎಲ್ಲಿತ್ತು, ಈಗ ಎಲ್ಲಿದೆ ನೋಡಿ.

ಫಲಿತಾಂಶ: 0.5 ಮಿ.ಮೀ. ಕೆಳಗೆ ಬರಬೇಕಾಗಿದ್ದ ಹಲ್ಲು 0.3 ಮೇಲೆ ಹೋಗಿದೆ! ಇದು ಅಪರೂಪವೇನಲ್ಲ. ಪಕ್ಕದ ಬಾಚಿಹಲ್ಲು ಸಣ್ಣದು, ನುಣುಪು, ಟ್ರೇಗೆ ಹಿಡಿದು ಕೆಳಗೆಳೆಯಲು ಏನೂ ಸಿಗುವುದಿಲ್ಲ. ಎರಡು ಬದಿಯಿಂದ ಜಾಗ ಬಿಗಿಯಾದರೆ, ಸಿಪ್ಪೆ ಸುಲಿದ ಹಲಸಿನ ಬೇಳೆಯನ್ನು ಬೆರಳಲ್ಲಿ ಒತ್ತಿದ ಹಾಗೆ ಮೇಲಕ್ಕೆ ಜಾರುತ್ತದೆ. ಕನ್ನಡಿಯಲ್ಲೂ ಸುಳಿವಿದೆ: ಹಲ್ಲಿನ ತುದಿಗೂ ಟ್ರೇಗೂ ನಡುವೆ ಗಾಳಿಯ ಸಂದು. ಅದು ಪ್ರತಿ ಟ್ರೇಗೂ ದೊಡ್ಡದಾಗುತ್ತಿದ್ದರೆ ಮುಂದಿನ ಟ್ರೇ ಹಾಕುವ ಮೊದಲು ವೈದ್ಯರಿಗೆ ತೋರಿಸಬೇಕು. ದಿನಕ್ಕೆ 20ರಿಂದ 22 ತಾಸು ಹಾಕಿ, ಟ್ರೇ ಕೂರಿಸಲು ಕಚ್ಚುವ ಮೆತ್ತನೆಯ ಚ್ಯೂವಿ ಕಚ್ಚಿಯೂ ಸಂದು ಮುಚ್ಚದಿದ್ದರೆ ಅವರ ಬಳಿ ದಾರಿಗಳಿವೆ. ಪಕ್ಕದ ಹಲ್ಲುಗಳ ನಡುವೆ 0.2, 0.3 ಮಿ.ಮೀ. ಉಜ್ಜಿ ಜಾಗ ಮಾಡುವುದು, ಅಟ್ಯಾಚ್‌ಮೆಂಟ್ ಬದಲಿಸುವುದು, ಗುಂಡಿ ಅಂಟಿಸಿ ರಬ್ಬರಿನಿಂದ ಎಳೆಯುವುದು, ಕೊನೆಗೆ ಹೊಸ ಸ್ಕ್ಯಾನ್ ಮಾಡಿ ಹೊಸ ಟ್ರೇ ಸರಣಿ. ಮನೆಯ 3ಡಿ ಪ್ರಿಂಟರಿನಲ್ಲಿ ಟ್ರೇ ತಯಾರಿಸುವ ಹುಮ್ಮಸ್ಸು ಇದ್ದವರು ಬಿಡಿ ಮಾರಾಯ್ರೆ. ವಯಸ್ಕರಲ್ಲಿ ಬೇರು ಸವೆಯುವುದು, ಮೂಳೆ ತಗ್ಗುವುದು ಎಸ್‌ಟಿಎಲ್‌ನಲ್ಲಿ ಕಾಣುವುದಿಲ್ಲ.

ಈ ಎಲ್ಲಕ್ಕೂ ಮೊದಲ ಅಡ್ಡಿ ಕ್ಲಿನಿಕ್ಕಿನ ಫೈಲು. ಅಲೈನರ್‌ಗೆ ಹಲ್ಲು ಮತ್ತು ಒಸಡಿನ ಅಂಚು ಸಾಕಾದ್ದರಿಂದ ಅಂಗುಳ ಬಿಟ್ಟು ಲಾಳದ ಆಕಾರದಲ್ಲಿ ಸ್ಕ್ಯಾನ್ ಮಾಡುವ ರೂಢಿ ಉಂಟು. ಮೊದಲ ದಿನವೇ ಅಂಗುಳ ಪೂರ್ತಿ ಬೇಕು ಅಂತ ಕೇಳಿ, ಎರಡು ನಿಮಿಷದ ಕೆಲಸ. ಆ ದಿನ ದಾಟಿದರೆ ಹಳೆಯ ಪ್ಲಾಸ್ಟರ್ ಅಚ್ಚು ಸಿಕ್ಕಿದರೆ ಪುಣ್ಯ. ಯೋಜನೆಯ ಹಂತದ ಫೈಲುಗಳಲ್ಲಿ ಒಸಡು ಸಾಫ್ಟ್‌ವೇರ್ ಕಟ್ಟಿದ್ದು, ಅದರ ಮೇಲೆ ಏನನ್ನೂ ಕೂರಿಸಬೇಡಿ. ಕೆಳದವಡೆಗೆ ಅಂಗುಳವೇ ಇಲ್ಲ, ಅಲ್ಲಿ ಈ ಉಪಾಯ ನಡೆಯದು.

ದವಡೆಯ ಮಾದರಿಯನ್ನು ರಾಳದಲ್ಲಿ 3ಡಿ ಪ್ರಿಂಟ್ ಮಾಡುವ ವಿಷಯ ಚುಟುಕಾಗಿ: 0.05 ಮಿ.ಮೀ. ಪದರ, ಕ್ಯಾಲಿಪರ್ ತಾಳೆಗೆ ಜೊತೆಯಲ್ಲೊಂದು 20 ಮಿ.ಮೀ. ಘನ. ಕಾರವಾರದ ಮಳೆಗಾಲದಲ್ಲಿ ತೊಳೆದ ಮಾದರಿ ಪೂರ್ತಿ ಒಣಗದೆ ಯುವಿಗೆ ಇಟ್ಟರೆ ಬಿಳಿ ಬೂಸ್ಟು ಹಿಡಿದಂತಾಗುತ್ತದೆ. ಇನ್ನು ಮಾದರಿ ತೊಳೆಯುವ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್). ಉರಿಯುವ ದ್ರವ ಅಂತ ಕೊರಿಯರ್‌ನವರು ಮುಟ್ಟುವುದಿಲ್ಲ. ಹುಬ್ಬಳ್ಳಿಯಿಂದ ಅರಬೈಲ್ ಘಟ್ಟ ಇಳಿದು ಬಂದ ಕ್ಯಾನಿನ ಮೇಲೆ 99 ಪ್ರತಿಶತ ಅಂತ ಚೀಟಿ, ಒಳಗೆ ಬೇರೆಯೇ ಸರಕು. ಪರೀಕ್ಷೆ ಸುಲಭ: ಸೀಸೆಗೆ ಸ್ವಲ್ಪ ಹಾಕಿ ಉಪ್ಪು ಸೇರಿಸಿ ಕುಲುಕಿ. ಎರಡು ಪದರವಾದರೆ ನೀರು ಬೆರೆತಿದೆ, ಉಪ್ಪು ಹಾಗೇ ತಳಕ್ಕೆ ಕೂತರೆ ಹೆಚ್ಚು ನೀರಿಲ್ಲ ಅಂದುಕೊಳ್ಳಬಹುದು. ನಮ್ಮದು ಚೆಂದವಾಗಿ ಎರಡು ಪದರವಾಯಿತು, ಮಾರಿದವರು ಫೋನ್ ಎತ್ತುವುದು ಬಿಟ್ಟರು.

ಇದೇ ಜೋಡಣೆ ಕಾರವಾರದ ಟ್ಯಾಗೋರ್ ಕಡಲತೀರಕ್ಕೂ ಒಗ್ಗೀತು. ಮಳೆಗಾಲದ ಮೊದಲು, ಆಮೇಲೆ ಮೊಬೈಲ್ ಫೋಟೋಗಳಿಂದ ಮರಳಿನ ಮೇಲ್ಮೈ ಕಟ್ಟಿ, ಎಷ್ಟು ಕೊಚ್ಚಿಹೋಯಿತು ಅಂತ ಲೆಕ್ಕ ಹಾಕುವುದು. ಮರಳೆಲ್ಲ ಜರುಗುವುದರಿಂದ ಅಲ್ಲೂ ಬೇಕಾದದ್ದು ಅಲುಗದ ಒಂದು ವಸ್ತು, ಅಲ್ಲಿ ಪ್ರದರ್ಶನಕ್ಕಿಟ್ಟ ಚಪಲ್ ಯುದ್ಧನೌಕೆ ಕೂರಿಸಿದ ಕಟ್ಟೆ ಅದಕ್ಕೆ ಅಡ್ಡಿಲ್ಲ. ನೌಕಾನೆಲೆ ಪಕ್ಕದಲ್ಲೇ ಇರುವುದರಿಂದ ಡ್ರೋನ್ ಆಸೆ ಇಟ್ಟುಕೊಂಡಿಲ್ಲ, ಉದ್ದ ಕೋಲಿಗೆ ಫೋನ್ ಕಟ್ಟಿಯೇ ಆಗಬೇಕು. ಹತ್ತಿಪ್ಪತ್ತು ಅಡಿಯ ಅಡಿಕೆ ಕೊಯ್ಲಿನ ಹಗುರ ದೋಟಿ ಶಿರಸಿ ಸೀಮೆಯಲ್ಲಿ ಯಾರ ಹತ್ತಿರವಾದರೂ ಹೆಚ್ಚುವರಿ ಇದ್ದರೆ ಹೇಳಿ. ಉಪ್ಪಿನ ಪರೀಕ್ಷೆ ಪಾಸಾದ ಐಪಿಎ ಇದ್ದರೆ ಅದನ್ನೂ.